ಅಪ್ಪನ ಮುಖದ ಕುಕ್ಕಿ

ಅವ್ವಾ,

ನೀನು ನಿದ್ದೆಯಲ್ಲಿದ್ದೆ, ಎಬ್ಬಿಸಲು ಮನಸ್ಸಾಗಲಿಲ್ಲ. ಎಂಟರ ಬಸ್ಸಿಗೆ ಗಂಗಾವತಿಗೆ, ಅಪ್ಪನ ಆಸ್ಪತ್ರೆಗೆ ಹೊರಟೆ.

ನಿನ್ನೆ "ಎತ್ತಿನ ಬಾಯಿಗೆ ಕುಕ್ಕಿ ಬಿಗದಂಗ ಬಿಗದಾರ" ಅಂತ ಮರುಗಿ ಅಪ್ಪನ ಉಸಿರಾಟದ ಮಾಸ್ಕಿನ ಪಟ್ಟಿ ಸಡಿಲು ಮಾಡಿದೆಯಲ್ಲ, ನಿನ್ನ ಕರುಳು ನನಗೆ ಗೊತ್ತು. ಆದರೆ ಇನ್ನು ಮುಟ್ಟಬೇಡ. ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದೆ. ಮಾಸ್ಕಿಗೆ ಜೋಡಿಸಿದ ಮಷೀನು ಒತ್ತಿ ಕಳಿಸುವ ಗಾಳಿಯೇ ಈಗ ಅಪ್ಪನಿಗೆ ಆಸರೆ. ಅದು ಸೋರಿದರೆ ಮತ್ತೆ ಏದುಸಿರು.

ಅಪ್ಪ ಎಷ್ಟು ಸನ್ನೆ ಮಾಡಿದರೂ ಉಪ್ಪಿನಕಾಯಿ ತರಬೇಡ. ಉಪ್ಪು ತಿಂದರೆ ಆ ನೀರು ಇನ್ನೂ ಹೆಚ್ಚುತ್ತದೆ.

ಮಾಸ್ಕಿನೊಳಗೆ ಮಾತಾಡಲು ಆಗದೆಂದು ನಿನ್ನೆ ಅಪ್ಪನಿಗೆ, ಯಾರಿಗೂ ತೋರಿಸದ ನನ್ನ ಡೈರಿಯನ್ನೇ ಕೊಟ್ಟೆ. ಒಂದೇ ಸಾಲು ಬರೆದ: "ನಿಮ್ಮವ್ವ ಉಂಡಾಳೇನು?"

ಆ ಹಾಳೆ ಹರಿದು ರೊಟ್ಟಿ ಬುಟ್ಟಿಯಲ್ಲಿ ಇಟ್ಟಿದ್ದೇನೆ. ಉಂಡೇ ಬಾ. ಜವಾಬು ನೀನೇ ಕೊಡು.

ನೀಲಾ