ಶರಬತ್ತು ಕುಡಿದರೂ ಬಾರದ ನೋವು

ಶಹಾಪುರ

ಅಬ್ಬಾ, ಸಲಾಂ.

ಫೋನಿನಲ್ಲಿ ಮಾತಾಡಿದರೆ ಇಲ್ಲಿ ಮನೆಯಲ್ಲಿ ಅಮ್ಮಿ ಕೇಳಿಸಿಕೊಳ್ಳುತ್ತಾಳೆ. ಅದಕ್ಕೇ ಹುಣಸಗಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನಿಮ್ಮ ಅಂಗಡಿಗೆ ಈ ಪತ್ರ ಕಳಿಸುತ್ತಿದ್ದೇನೆ.

ರೋಜಾದಲ್ಲಿ ಹಗಲೆಲ್ಲ ಸುಮ್ಮನಿದ್ದ ನಿಮ್ಮ ಪಕ್ಕೆನೋವು ಇಫ್ತಾರಿನ ಶರಬತ್ತು ಕುಡಿದೊಡನೆ ಏಳುತ್ತಿತ್ತು. ಕಿಡ್ನಿಯಿಂದ ಮೂತ್ರ ಇಳಿಯುವ ಬಾಯಿ ಕಟ್ಟಿದೆ, ಆಪರೇಷನ್ ಬೇಕು ಎಂದು ಯಾದಗಿರಿಯ ಡಾಕ್ಟರು ಸ್ಕ್ಯಾನ್ ನೋಡಿ ಹೇಳಿದ್ದರು. ನೀವು, "ರೋಜಾದಾಗೇ ಆರಾಮ ಆಗ್ತೈತಿ" ಎಂದು ಈದ್ ಮುಗಿದ ಮೇಲೂ ಉಪವಾಸ ಹಿಡಿದಿರಿ.

ಈಗ ತಂಬಿಗೆ ಶರಬತ್ತು ಕುಡಿದರೂ ನೋವಿಲ್ಲ ಎಂದು ಫೋನಿನಲ್ಲಿ ಹೇಳಿದಿರಿ. ಅಮ್ಮಿ ಗಲ್ಲಿಗೆಲ್ಲ ಖೀರು ಹಂಚಿದಳು.

ನಾನು ಡಾಕ್ಟರಿಗೆ ತಿಳಿಸಿದೆ. "ನೋವು ನಿಂತೈತಿ ಅಂದ್ರ ದಾರಿ ಬಿಟ್ಟೈತಿ ಅಂತ ಅಲ್ಲವ್ವಾ. ಆ ಕಿಡ್ನಿ ಮೂತ್ರ ಮಾಡೋ ಕೆಲಸಾನೇ ಬಿಟ್ಟಿರಬಹುದು" ಎಂದರು.

ನಾಳೆ ಮೊದಲ ಬಸ್ಸಿಗೆ ಯಾದಗಿರಿಗೇ ಬನ್ನಿ, ನಾನು ಆಸ್ಪತ್ರೆಯ ಬಳಿ ಇರುತ್ತೇನೆ. ಹಳೆಯ ಸ್ಕ್ಯಾನ್ ಮರೆಯಬೇಡಿ. ಅಮ್ಮಿಗೆ ಏನೂ ಹೇಳಿಲ್ಲ. ನನ್ನ ಪಾಲಿನ ಖೀರನ್ನು ಹಾಗೇ ಮುಚ್ಚಿಟ್ಟಿದ್ದೇನೆ.

ನಿಮ್ಮ ದಾರಿ ಕಾಯುವ
ಸಬಾ