ಎಡಗೈಗೆ ಒಪ್ಪುವ ಕನೆಕ್ಟರ್

ನವೆಂಬರ್ 4, ಸೋಮವಾರ. ಬೆಳಗ್ಗೆ 5.20
ಮೈನಸ್ ಒಂಬತ್ತು ಡಿಗ್ರಿ. ಕಾಫಿ ಆಯ್ತು. ಬ್ಯಾಟರಿ ಕೋಟಿನ ಒಳಜೇಬಿಗೆ. ಹೊರಗಿಟ್ಟರೆ ಚಳಿಗೆ ಅರ್ಧ ದಾರಿಯಲ್ಲೇ ಕೈಕೊಡುತ್ತದೆ. ಕೋಟಿನಂಚಿನಿಂದ ವೈರು, ಸೈಕಲ್ ಹ್ಯಾಂಡಲ್ಲಿನ ದೀಪದವರೆಗೆ. ನಡುವೆ ಒಂದು ಕನೆಕ್ಟರ್. ಹತ್ತುವಾಗ ಸೇರಿಸಬೇಕು, ಇಳಿಯುವಾಗ ಬಿಚ್ಚಬೇಕು. ದೀಪ ನಾನೇ ಮಾಡಿದ್ದು. ಹದಿನಾಲ್ಕು ಚಳಿಗಾಲ ಹೀಗೇ ಕಳೆದಿದ್ದೇನೆ, ಅದರ ಬಗ್ಗೆ ಯೋಚನೆಯೇ ಮಾಡದೆ.

ಈಗ ಅದೊಂದೇ ಯೋಚನೆ. ಏಪ್ರಿಲ್‌ನ ಸ್ಟ್ರೋಕ್ ಬಲಗೈಯ ಹಿಡಿತ ತಗೊಂಡು ಹೋಯಿತು. ಬೆರಳು ಐದೂ ಇವೆ, ಕೆಲಸಕ್ಕೆ ಬಾರವು. ತೋಳೂ ಮೇಲೇಳದು. ಸೈಕಲ್ ತುಳಿಯಲು ತೊಂದರೆಯಿಲ್ಲ, ಪೆಡಲ್ ಹಿಂದಕ್ಕೆ ತುಳಿದರೆ ಬ್ರೇಕು. ತೊಂದರೆ ಇರುವುದು ಕನೆಕ್ಟರಿನ ಈ ಹಾಳು ಪಿನ್ನಿನಲ್ಲಿ.

ಮತ್ತೆ ಬಾಯಿ ಸುಮ್ಮನಿರಲಿಲ್ಲ ನನ್ನದು. ಆಗಸ್ಟ್‌ನಲ್ಲಿ ಮಗಳು ಹೆನ್ರೀಕ ಸೈಕಲ್ ಬಿಡು ಬಿಡು ಅಂತ ಪೀಡಿಸಿದಾಗ ಊಟದ ಮೇಜಿನಲ್ಲೇ ಹೇಳಿಬಿಟ್ಟೆ: "ನನ್ನ ದೀಪ ನಾನೇ ಹಾಕ್ಕೊಳ್ಳೋಕೆ ಆಗದ ದಿನ ಮಾರಿಬಿಡಿ, ತುಟಿ ಪಿಟಕ್ ಅನ್ನಲ್ಲ." ಅವಳು ಅದನ್ನು ಮರೆತಿಲ್ಲ. ನಾನೂ.

ನವೆಂಬರ್ 6, ಬುಧವಾರ
ಗುಂಡು ಪಿನ್ನಿನ ಕನೆಕ್ಟರ್ ಹಾಕಿ ನೋಡಿದೆ, ಎಡಗೈಗೂ ಸುಲಭ. ಆದರೆ ಸೈಕಲ್ ಹಿಮದ ಗಡ್ಡೆ ಮೇಲೆ ಹತ್ತಿದರೆ ಸಾಕು, ಪಿನ್ನು ಜಾರಿ ದೀಪ ಹೋಗುತ್ತದೆ. ಇವತ್ತು ಎರಡು ಸಲ. ತಿರುಪು ಹಾಕುವಂಥದ್ದು ಭದ್ರ, ಅದಕ್ಕೆ ಎರಡು ಕೈ ಬೇಕು. ಅತ್ತ ದರಿ ಇತ್ತ ಪುಲಿ.

ತೈಸ್ತೊ — ನನ್ನ ಗಂಡ, ಮೂವತ್ತೆಂಟು ವರ್ಷ ಹಡಗುಕಟ್ಟೆಯಲ್ಲಿ ಎಲೆಕ್ಟ್ರಿಷಿಯನ್ — ಪೇಪರಿನಿಂದ ತಲೆಯೆತ್ತದೆ ಅಂದ: "ಅಂಗಡೀಲಿ ರೆಡಿಮೇಡ್ ದೀಪ ಸಿಗತ್ತೆ."
"ಅದರ ಬಟನ್ನು ಅಕ್ಕಿಕಾಳಷ್ಟಿದೆ. ಕೈಗವಸಲ್ಲಿ ಒತ್ತಿ ತೋರ್ಸು ನೋಡೋಣ."
"ಬಸ್ಸಿಗೆ ಬಟನ್ನೇ ಇಲ್ಲ."
ಮಾತಾಡುವುದೇ ಅಪರೂಪ, ಆಡಿದರೆ ಇಂಥದ್ದು.

ನವೆಂಬರ್ 11, ಸೋಮವಾರ
ಮಾನ ಹೋಯ್ತು. ಬರೆದೇ ತೀರಬೇಕು.

ಶನಿವಾರ ಹಳದಿ ಕನೆಕ್ಟರ್ ಬೆಸೆದೆ, ಆಟದ ವಿಮಾನಗಳಿಗೆ ಹಾಕುವಂಥದ್ದು. ಬಲಗೈ ಪೇಪರ್‌ವೇಟಿನ ಕೆಲಸ ಮಾಡಿತು, ವೈರಿನ ಮೇಲೆ ಕೂತಿತ್ತು. ಆಮೇಲೆ ಸೌನಾ, ವಾರದ ಹಬೆಸ್ನಾನ. ಕೋಟನ್ನು ವೈರಿನ ಸಮೇತ ಸೌನಾದ ಬಟ್ಟೆಕೋಣೆಯಲ್ಲೇ ನೇತುಹಾಕಿದೆ, ಬೆಚ್ಚಗಿರಲಿ ಅಂತ. ಎರಡು ರಾತ್ರಿ ಅಲ್ಲೇ. ಅರವತ್ತು ವರ್ಷ ಈ ಊರಲ್ಲಿ ಬಾಳಿ, ಸೌನಾದ ಹಬೆ ಎಲ್ಲಿಗೆ ಹೋಗುತ್ತದೆ ಅಂತ ಯೋಚಿಸಲಿಲ್ಲ! ಕನೆಕ್ಟರಿನೊಳಗೇ ಹೋಗಿ ಕೂತಿತ್ತು. ಮೈನಸ್ ಹದಿನೇಳರಲ್ಲಿ ಕಲ್ಲಾಯಿತು.

ನಾನು ಅಡುಗೆ ಕೆಲಸಕ್ಕೆ ಹೋಗುವ ಶಾಲೆಯ ಅಂಗಳದಲ್ಲಿ ಇಳಿದೆ. ಬಿಚ್ಚಲಿಲ್ಲ. ಎಳೆದೆ, ಜಗ್ಗಿದೆ, ಬೈದೆ. ನಾನೂ ಸೈಕಲ್ಲೂ ಒಂದೇ ವೈರಿನಲ್ಲಿ. ಕೂಗಿದ್ದರೆ ಯಾರಾದರೂ ಬರುತ್ತಿದ್ದರು. ಕೂಗಲಿಲ್ಲ. ಸೈಕಲ್ ತಳ್ಳಿಕೊಂಡು ನೇರ ಅಡುಗೆಮನೆಗೇ ನುಗ್ಗಿದೆ.

ಮುಖ್ಯ ಅಡುಗೆಯವಳು ಮಾರ್ಯುಕ್ಕ ಸೌಟು ಹಿಡಿದು ನಿಂತಳು. "ಟೆಲೆರ್ವೊ, ಅದಕ್ಕೂ ಗಂಜಿ ಬಡಿಸ್ಲೇನೇ?"
"ಬಡಿಸು. ನನಗಿಂತ ಜಾಸ್ತಿ ದಣಿದಿದೆ."
"ಬಾ ಇಲ್ಲಿ, ಬಿಚ್ಚಿ ಕೊಡ್ತೀನಿ."
"ಮುಟ್ಟಿದ್ರೆ ನೋಡು!"
ಕೋಟನ್ನೇ ಕಳಚಿ ಸೈಕಲ್ಲಿಗೆ ಬಿಟ್ಟೆ. ಹತ್ತೂವರೆಗೆ ಮಂಜು ಕರಗಿ ತಾನೇ ಬಿಚ್ಚಿತು. ಯಾರೂ ಸಹಾಯ ಮಾಡಿಲ್ಲ. ಮಗಳಿಗೆ ಕೊಟ್ಟ ಮಾತಿನ ಲೆಕ್ಕಕ್ಕಿಲ್ಲ ಇದು.

ನವೆಂಬರ್ 21, ಗುರುವಾರ
ಸಿಕ್ಕಿತು! ಶಾಲೆಯ ಕಸಗುಡಿಸುವವಳು ನೆಲ ತೊಳೆಯುವ ಯಂತ್ರವನ್ನು ಚಾರ್ಜಿಗೆ ಹಾಕುವುದನ್ನು ನೋಡುತ್ತಾ ನಿಂತಿದ್ದೆ. ಅದರ ಕನೆಕ್ಟರ್ ಚಪ್ಪಟೆ. ಗಂಡೂ ಇಲ್ಲ ಹೆಣ್ಣೂ ಇಲ್ಲ, ಎರಡು ಅರ್ಧವೂ ಒಂದೇ ಥರ. ಎದುರುಬದುರು ಇಟ್ಟು ಒತ್ತಿದರೆ ಕೂತುಕೊಳ್ಳುತ್ತದೆ, ಎಳೆದರೆ ಬರುತ್ತದೆ. ಬೀಗ ಇಲ್ಲ, ತಿರುಪಿಲ್ಲ. ಬಿದ್ದರೂ ತಾನೇ ಕಳಚಿಕೊಳ್ಳುತ್ತದೆ. ಚಿಕ್ಕ ಅಳತೆಯದ್ದು ಎಂಟು ಜೊತೆಗೆ ಆರ್ಡರ್ ಕೊಟ್ಟೆ.

ನವೆಂಬರ್ 24, ಭಾನುವಾರ
ಬಿಗಿ. ಬಹಳ ಬಿಗಿ. ಒಳಗಿನ ಸ್ಪ್ರಿಂಗ್ ಹೊಸದು. ಅಂಗೈ ಕೆಂಪಾಗುವವರೆಗೆ ಒತ್ತಿದೆ. ಹತ್ತರಲ್ಲಿ ನಾಲ್ಕು ಸಲ ಕೂತಿತು. ತೈಸ್ತೊ ಕಿಟಕಿಯಿಂದ ನೋಡುತ್ತಿದ್ದ. ನೋಡಲಿ.

ನವೆಂಬರ್ 28, ಗುರುವಾರ
ಹತ್ತಕ್ಕೆ ಹತ್ತು! ಬೆಣ್ಣೆಗೆ ಚಾಕು ಇಳಿದ ಹಾಗೆ. ಕೈಗೆ ಬಲ ಬಂದಿದೆ. ಹೆನ್ರೀಕಳಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ.

ಡಿಸೆಂಬರ್ 3, ಮಂಗಳವಾರ. ಸಂಜೆ
ಬೆಳಗ್ಗೆ ಸೇತುವೆ ಮೇಲೆ ದೀಪ ಹೋಯಿತು. ಒಂದು ಸಣ್ಣ ಕುಲುಕು, ಅಷ್ಟೇ. ಕತ್ತಲು, ಕೆಳಗೆ ನದಿ. ಎದುರಿನಿಂದ ಬಂದವನು ನನ್ನನ್ನು ಕಾಣಲಿಲ್ಲ. ಹೆಗಲು ತಾಗಿತು, ಹಿಮದ ರಾಶಿಗೆ ಬಿದ್ದೆ. ಏಟಾಗಲಿಲ್ಲ. ಆದರೆ ಹೆದರಿದೆ. ನಿಜವಾಗಿ ಹೆದರಿದೆ.

ನಂಬರ್ ಕೇಳಿ ಅವನೇ ಮನೆಗೆ ಫೋನ್ ಮಾಡಿದ, ತೈಸ್ತೊ ಮಗಳಿಗೆ. ಅವಳು ನನಗೆ: "ಅಮ್ಮ, ಸಾಕು. ನೀನೇ ಮಾತು ಕೊಟ್ಟಿದ್ದೆ. ಭಾನುವಾರ ಸೈಕಲ್ ಒಯ್ಯೋಕೆ ವ್ಯಾನ್ ತರ್ತೀನಿ."

ಮನೆಗೆ ಬಂದು ಕನೆಕ್ಟರ್ ದೀಪದಡಿ ಹಿಡಿದು ನೋಡಿದೆ. ಸ್ಪ್ರಿಂಗ್ ಬಗ್ಗಿದೆ. ತಾನಾಗಿ ಬಗ್ಗಿದ್ದಲ್ಲ, ಇಕ್ಕಳದ ಗುರುತಿದೆ. ಮೂಸಿದೆ. ಕಾರಿನ ಬಾಗಿಲ ರಬ್ಬರು ಹೆಪ್ಪುಗಟ್ಟದಂತೆ ಹಚ್ಚುವ ಸಿಲಿಕೋನ್ ಎಣ್ಣೆಯ ವಾಸನೆ. ಈ ಮನೆಯಲ್ಲಿ ಅದನ್ನು ಹಚ್ಚುವವನು ಒಬ್ಬನೇ.

ತಂದು ಅವನ ತಟ್ಟೆಯ ಪಕ್ಕ ಇಟ್ಟೆ.
"ಯಾವಾಗ?"
ಆಲೂಗಡ್ಡೆ ಸುಲಿಯುತ್ತಲೇ ಇದ್ದ. "ಹೋದ ವಾರ. ನೀನು ಮಲಗಿದ್ಮೇಲೆ."
"ಯಾಕೆ?"
"ನೀನು ಹಲ್ಲು ಕಚ್ಕೊಂಡು ಒತ್ತೋದು ನೋಡೋಕಾಗಲ್ಲ ಕಣೇ."
"ಆಗದಿದ್ರೆ ನೋಡ್ಬೇಡ! ಬೆನ್ನು ತಿರುಗಿಸ್ಕೊ! ಸಡಿಲ ಮಾಡಿ ನನ್ನ ಕತ್ತಲಲ್ಲಿ ಬೀಳಿಸ್ದೆಯಲ್ಲೋ."
ಚಾಕು ಕೆಳಗಿಟ್ಟ. ಮುಖ ಬಿಳಿಚಿತ್ತು. ಅವನಿಗೆ ಇದು ಹೊಳೆದಿರಲಿಲ್ಲ. ಮೂವತ್ತೆಂಟು ವರ್ಷದ ಎಲೆಕ್ಟ್ರಿಷಿಯನ್‌ಗೆ! ಅಳು ಬಂತು ನನಗೆ, ಸಿಟ್ಟಿಗೋ ಅವನ ಮುಖಕ್ಕೋ. ಆ ಹತ್ತಕ್ಕೆ ಹತ್ತು ನನ್ನದಲ್ಲ, ಅದೇ ಹೆಚ್ಚು ಉರಿಯಿತು.

ಕತ್ತರಿ ತಗೊಂಡು ಅದನ್ನು ಕತ್ತರಿಸಿ ಎಸೆದೆ. ಇನ್ನೂ ಏಳು ಜೊತೆ ಇವೆ.

ಡಿಸೆಂಬರ್ 5, ಗುರುವಾರ
ತಪ್ಪು ಕನೆಕ್ಟರಿನದಲ್ಲ, ನನ್ನದು. ಎರಡೂ ಅರ್ಧ ಗಾಳಿಯಲ್ಲಿ ತೂಗುತ್ತಿದ್ದವು. ಎರಡು ಕೈ ಇದ್ದಾಗಿನ ಅಭ್ಯಾಸ. ಒಂದು ಅರ್ಧವನ್ನು ಹ್ಯಾಂಡಲ್ಲಿನ ನಡುವೆ ಮರದ ತುಂಡಿಗೆ ಬಿಗಿದೆ. ಇನ್ನೊಂದನ್ನು ಎಡಗೈಯಲ್ಲಿ ಹಿಡಿದು, ಎದೆ ಆನಿಸಿ ಮೈಭಾರ ಬಿಟ್ಟರೆ — ಟಕ್! ಬಿಚ್ಚಲು ಎರಡು ಹೆಜ್ಜೆ ಹಿಂದೆ ಸರಿದರೆ ಸಾಕು. ತೈಸ್ತೊ ಶೆಡ್ಡಿನ ಕಡೆ ತಲೆ ಹಾಕಿಲ್ಲ.

ಡಿಸೆಂಬರ್ 8, ಭಾನುವಾರ
ಮೈನಸ್ ಇಪ್ಪತ್ತೊಂದು. ಹೆನ್ರೀಕ ವ್ಯಾನಿನ ಹಿಂಬಾಗಿಲು ತೆರೆದೇ ಇಟ್ಟಿದ್ದಳು. ಒಯ್ಯುವ ಮೊದಲು ದೀಪ ಹಾಕಿ ತೋರಿಸುತ್ತೇನೆ ಅಂದೆ.
"ಕೈಗವಸು ಹಾಕ್ಕೊಂಡೇ ಮಾಡ್ಬೇಕು ಅಮ್ಮ. ಹತ್ತು ಸಲ."
"ಹನ್ನೆರಡು ಎಣಿಸು."
ಒಂಬತ್ತನೆಯದು ಓರೆಯಾಗಿ ಕೂತಿತು. ಅವಳು ಕೈ ಚಾಚಿದಳು. ಅಷ್ಟರಲ್ಲಿ ತೈಸ್ತೊ, ಐದು ದಿನದ ಮೇಲೆ ಬಾಯಿಬಿಟ್ಟು: "ಮುಟ್ಬೇಡ! ಅವಳದ್ದು ಅದು."
ಎಳೆದು ಮತ್ತೆ ಒತ್ತಿದೆ. ಟಕ್. ಹನ್ನೆರಡು ಸಲವೂ ದೀಪ ಉರಿಯಿತು. ಆಮೇಲೆ ದೀಪದ ಮೇಲೆ ಗುದ್ದಿದೆ, ಸೈಕಲ್ ಎತ್ತಿ ಕುಕ್ಕಿದೆ. ಹೋಗಲಿಲ್ಲ. ಮಗಳು ಖಾಲಿ ವ್ಯಾನಿನ ಬಾಗಿಲು ಧಡಾರನೆ ಮುಚ್ಚಿದಳು. ಕಾಫಿಗೆ ನಿಂತಳು, ಎರಡು ಬನ್ನು ತಿಂದಳು.

ಡಿಸೆಂಬರ್ 9, ಸೋಮವಾರ. 7.50, ಶಾಲೆಯ ಅಡುಗೆಮನೆ
ಮೈನಸ್ ಇಪ್ಪತ್ನಾಲ್ಕು. ಮೊದಲ ಸಲಕ್ಕೇ ಕೂತಿತು. ದೀಪದ ಬೆಳಕು ಕಿಟಕಿಗೆ ಬಿತ್ತು. ಒಳಗೆ ತೈಸ್ತೊ ನೈಟ್‌ಡ್ರೆಸ್ಸಿನಲ್ಲಿ ನಿಂತಿದ್ದ, ಸಿಕ್ಕಿಬಿದ್ದ ಕಳ್ಳನಂತೆ ಎರಡೂ ಕೈ ಮೇಲೆತ್ತಿ, ಅಂಗೈ ತೋರಿಸುತ್ತಾ. ನಾನೇನೂ ಮುಟ್ಟಿಲ್ಲ ಅಂತ. ನಾನೂ ಕೈ ಎತ್ತಿದೆ. ಎಡಗೈ ಅಂದುಕೊಂಡಿದ್ದೆ, ಗೇಟು ದಾಟಿದ ಮೇಲೆ ಗೊತ್ತಾಯಿತು, ಎಡಗೈ ಹ್ಯಾಂಡಲ್ಲಿನ ಮೇಲೇ ಇತ್ತು. ಮೇಲೆ ಹೋದದ್ದು ಬಲ— ಗಂಜಿ ಉಕ್ಕುತ್ತಿದೆ, ಮಾರ್ಯುಕ್ಕ ಕೂಗ್ತಿದ್ದಾಳೆ