ಮುಂಡರಗಿ ಬಸ್ಸಿಗೆ ಕೊಟ್ಟ ಗುಳಿಗೆ

ಲಕ್ಷ್ಮೇಶ್ವರ
9 ಆಗಸ್ಟ್ 2001, ಗುರುವಾರ ಮಧ್ಯಾಹ್ನ
(ನಿನ್ನೆ ಗದಗಿಗೆ ಹೋಗಿ ಬಂದೆ. ಅತ್ತೆ ಮಲಗಿದ್ದಾರೆ.)

ಪ್ರೀತಿಯ ಆಪಾ,

ಸಲಾಮು. ಹೇಗಿದ್ದೀಯ? ಮೊಣಕಾಲಿನ ಬಾವು ಇಳಿಯಿತೇ? ಈ ಜಿಟಿಜಿಟಿ ಮಳೆಗೆ ರಹಮಾನಸಾಬ ಭಾಯಿಯ ಕೆಮ್ಮು ಹೆಚ್ಚಾಗಿರಬೇಕು. ಅಂಗಡಿಯ ಬಾಗಿಲು ಬಿಟ್ಟು ಒಳಗೆ ಕೂರಲು ಹೇಳು. ಬೆಟಗೇರಿಯವರು ನಿನ್ನ ಮಗಳು ಕೈನಾತಳನ್ನು ಸೊಸೆಯಾಗಿ ಒಪ್ಪಿದ ಸುದ್ದಿ ಕೇಳಿದಾಗಿನಿಂದ ನಮ್ಮ ಅತ್ತೆ ಅವಳ ನಿಶ್ಚಯದ ಸೀರೆಯ ಬಣ್ಣವನ್ನು ದಿನಕ್ಕೊಮ್ಮೆ ಬದಲಿಸುತ್ತಿದ್ದಾರೆ. ಇವತ್ತು ಗಿಳಿಹಸಿರು. ಫೋನು ಮಾಡಬಹುದಿತ್ತು. ಆದರೆ ನಿಮ್ಮ ಫೋನು ಇರುವುದು ಅಂಗಡಿಯಲ್ಲಿ. ನೀನು ಬಂದು ಎತ್ತಿಕೊಂಡರೆ ಗಿರಾಕಿಗಳು ಬಟ್ಟೆ ನೋಡುವುದನ್ನು ಬಿಟ್ಟು ನಿನ್ನ ಮಾತು ಕೇಳುತ್ತಾರೆ. ಅದಕ್ಕೆ ಈ ಕಾಗದ. ಕೈನಾತಳ ಕೈಗೆ ಕೊಟ್ಟು ಓದಿಸಿಕೊಳ್ಳಬೇಡ. ಕನ್ನಡಕ ಹಾಕಿಕೊಂಡು ನೀನೇ ಓದು.

ನಾನು ಚೆನ್ನಾಗಿದ್ದೇನೆ. ಬರೆಯಲು ಕಷ್ಟವಾಗುತ್ತಿರುವುದು ಇದೇ ಮಾತು. ಹೋದ ವರ್ಷ ಹೇಗಿದ್ದೆ ಎಂದು ನಿನಗೆ ಗೊತ್ತು. ಮುಟ್ಟು ನಿಂತ ಮೇಲೆ ಕುಳಿತಲ್ಲೇ ಎದೆಯಿಂದ ನೆತ್ತಿಯವರೆಗೆ ಉರಿ ಏರುವುದು, ರವಿಕೆ ಒದ್ದೆಯಾಗುವಷ್ಟು ಬೆವರು, ನಿದ್ದೆಯ ಮಾತೇ ಇಲ್ಲ. ತಿನ್ನುವುದು ಅಷ್ಟೇ ಇದ್ದರೂ ಹೊಟ್ಟೆಯ ಸುತ್ತ ದಪ್ಪ ಬೆಳೆಯಿತು. ‘ಏ ನಿಶಾತ, ನೀ ಕುಂತ್ರ ಜಮಖಾನಿ ಸಾಲವಲ್ದಲ್ಲ!’ ಎಂದು ಅತ್ತೆ ಬಂದವರ ಮುಂದೆ ನಗುತ್ತಿದ್ದರು. ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಐವತ್ತರ ಹೆಂಗಸು ಶಾಲು ಹೊದ್ದು ಕಿಟಕಿಯ ಬಳಿ ಕೂತಿರುತ್ತಾಳೆ. ಅವಳು ಬೆವರಿದ್ದನ್ನು ಯಾವ ದೇಶದ ಲೇಖಕನೂ ಬರೆದಿಲ್ಲ. ಹೀಗಾಗಿ ಇದು ನನಗೊಬ್ಬಳಿಗೇ ಬಂದ ಶಿಕ್ಷೆ ಎಂದುಕೊಂಡಿದ್ದೆ. ಕೊನೆಗೆ ಅತ್ತೆಯೇ ಗದಗಿನ ಹೆಂಗಸರ ಡಾಕ್ಟರ್ ಬಾಯಾರ ಹತ್ತಿರ ಕರೆದುಕೊಂಡು ಹೋದರು. ಬಾಯಾರು ಹಾರ್ಮೋನಿನ ಗುಳಿಗೆ ಬರೆದುಕೊಡುವ ಮುಂಚೆ ಬಿಡಿಸಿ ಹೇಳಿದ್ದರು: ‘ಇದು ಉರಿಗೆ, ನಿದ್ದಿಗೆ. ತೂಕ ಇಳಸಾಕ ಅಲ್ರಿ. ತೂಕಕ್ಕ ನಿಮ್ಮ ತಾಟು ನೋಡ್ಕೋರಿ, ನಿಮ್ಮ ಕಾಲು ನಡಸ್ರಿ.’ ಆಮೇಲೆ ಕೇಳಿದರು: ‘ಅವ್ವಗ, ಅಕ್ಕ-ತಂಗೇರಿಗೆ ಯಾರಿಗಾರ ಎದಿಯೊಳಗ ಗಂಟು ಆಗಿತ್ತೇನ್ರಿ?’

ಅತ್ತೆ ಪಕ್ಕದಲ್ಲೇ ಕೂತಿದ್ದರು, ಆಪಾ. ನಮ್ಮ ಅತ್ತೆ ಶಮಶಾದಬಿಯ ಕಿವಿಗೆ ಬಿದ್ದದ್ದು ಸಂತೆಗೆ ಬಿದ್ದ ಹಾಗೆ ಎಂದು ನೀನೇ ಹೇಳುತ್ತೀಯಲ್ಲ. ಮಿರಜಿನಲ್ಲಿ ನಿನ್ನ ಎಡದ ಎದೆ ತೆಗೆದದ್ದು ಗಂಡನೆಂದು ಭಾಯಿಗೆ, ತಂಗಿಯೆಂದು ನನಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಗರ್ಭಚೀಲದ ಆಪರೇಶನ್ ಎಂದು ನಾವು ಊರಿಗೆಲ್ಲ ಹೇಳಿದೆವು. ‘ತಾಯಿಗಿ ಬಂದದ್ದು ಮಗಳಿಗೂ ಬರತೈತಿ ಅಂತ ಯಾರೂ ನನ್ನ ಕೂಸಿನ ಕೈ ಹಿಡಿಯಂಗಿಲ್ಲ’ ಎಂದು ಅತ್ತು ನನ್ನಿಂದ ಆಣೆ ಹಾಕಿಸಿಕೊಂಡೆ. ಬಾಯಾರಿಗೆ ‘ಇಲ್ರಿ’ ಎಂದೆ. ಡಾಕ್ಟರರು ಕೇಳುವ ಹತ್ತು ಪ್ರಶ್ನೆಗಳಲ್ಲಿ ಇದೂ ಒಂದು ಎಂದುಕೊಂಡು ಮರೆತೇಬಿಟ್ಟೆ.

ಗುಳಿಗೆಗೆ ಉರಿ ಹೋಯಿತು, ನಿದ್ದೆ ಬಂತು. ತೂಕಕ್ಕೆ ನಸುಕಿನಲ್ಲಿ ಯಳವತ್ತಿ ರಸ್ತೆ ಹಿಡಿದು ನಡೆಯತೊಡಗಿದೆ, ರಾತ್ರಿ ರೊಟ್ಟಿ ಅರ್ಧ ಮಾಡಿ ಕಾಳಿನ ಪಲ್ಯ ಹೆಚ್ಚಿಸಿದೆ. ಆದರೆ ನಮ್ಮ ಓಣಿಯ ಹೆಂಗಸು ಕೆಲಸವಿಲ್ಲದೆ ಸುಮ್ಮನೆ ನಡೆಯುವುದೆಂದರೇನು? ಹೊಲಕ್ಕೆ ಹೊರಟ ಬೀರವ್ವ ಮೊದಲನೆಯ ದಿನವೇ ತಡೆದಳು: ‘ಎಲ್ಲಿಗಿ ಹೊಂಟೀರಿ ಬೀಬಿ, ಈ ದಾರ್ಯಾಗ ನಿಮ್ಮ ಹೊಲ ಇಲ್ಲ, ಮನಿ ಇಲ್ಲ?’ ದರ್ಗಾಕ್ಕೆ ಹರಕೆ ಇದೆ ಎಂದುಬಿಟ್ಟೆ. ‘ದರ್ಗಾ ನಿಮ್ಮ ಬೆನ್ನ ಹಿಂದ ಐತಲ್ರಿ!’ ಎಂದು ನಕ್ಕಳು. ಆ ಕೊನೆಯವರೆಗೆ ನಡೆದು ತಿರುಗಿ ಬಂದು ಸಲಾಮು ಮಾಡುವ ಹರಕೆ ಎಂದು ಸುಳ್ಳನ್ನು ಉದ್ದ ಮಾಡಿದೆ. ಮನೆಯಲ್ಲೂ ಅದನ್ನೇ ಹೇಳಿದೆ. ಹರಕೆಯ ಮಾತು ಬಂದ ಮೇಲೆ ಯಾರೂ ಬೇಡ ಎನ್ನಲಿಲ್ಲ.

ಬಕ್ರೀದಿಗೆ ನೀನು ಬಂದಾಗ ನನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ: ‘ಹೆಂಗ ಇಳದೀಯಲೇ! ಏನ ತಿಂತಿ ಹೇಳ.’ ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಉತ್ತರ ಕೊಟ್ಟರು: ‘ಗದಗಿನ ಗುಳಿಗಿ ಅಲ್ಮಾಸ! ನಿದ್ದಿ ಬರತೈತಿ, ಹೊಟ್ಟಿ ಕರಗತೈತಿ.’ ಕರಗಿಸಿದ್ದು ನಡಿಗೆ ಎಂದು ಹೇಳಬೇಕಾಗಿತ್ತು. ಹೇಳಿದ್ದರೆ ಹರಕೆ ಸುಳ್ಳೆಂದು ಒಪ್ಪಬೇಕಿತ್ತು. ಹೋಗುವಾಗ ನೀನು ಬಾಗಿಲಲ್ಲಿ ನನ್ನ ಕೈ ಹಿಡಿದು, ‘ನನಗೂ ಕಳಸು, ನಾಳಿ ಬೀಗತಿ ಮುಂದ ಈ ಹೊಟ್ಟಿ ಹೊತ್ತಕೊಂಡು ಹೆಂಗ ನಿಲ್ಲಲಿ?’ ಎಂದೆ. ನನ್ನ ಚೀಟಿ ತೋರಿಸಿ ಹೆಚ್ಚಿಗೆ ಕೊಂಡೆ. ಶೇಂಗಾ ಚಟ್ನಿಯ ಡಬ್ಬಿಯ ಜೊತೆ ಕಟ್ಟಿ ಮುಂಡರಗಿ ಬಸ್ಸಿನ ಕಂಡಕ್ಟರ್ ಮೂಕಪ್ಪನ ಕೈಗೆ ಕೊಟ್ಟೆ. ‘ಮುಟ್ಟಸ್ತೀನಿ ಬಿಡ್ರಿ, ಚಟ್ನಿ ಮಾತ್ರ ನಾ ಮುಟ್ಟೂದಿಲ್ಲ ಅಂತ ಆಣಿ ಮಾಡೂದಿಲ್ಲ’ ಎಂದ. ಅಕ್ಕನಿಗೆ ತಂಗಿ ಸೀರೆ ಕೊಡುತ್ತಾಳೆ, ಬಳೆ ಕೊಡುತ್ತಾಳೆ. ಗುಳಿಗೆಯನ್ನೂ ಹಾಗೆಯೇ ಕೊಟ್ಟೆ. ಆಮೇಲೆ ಪ್ರತಿ ತಿಂಗಳೂ ಕಳಿಸಿದೆ.

ನಿನ್ನೆ ಅತ್ತೆ ಬರಲಿಲ್ಲ, ಒಬ್ಬಳೇ ಹೋಗಿದ್ದೆ. ಬಾಯಾರು ತೂಕ ನೋಡಿ ಖುಷಿಪಟ್ಟರು. ಗುಳಿಗೆ ಮುಂದುವರಿಸುವ ಮುಂಚೆ ಮತ್ತೊಮ್ಮೆ ಕೇಳುತ್ತೇನೆ ಎಂದರು: ‘ಒಮ್ಮೆ ಎದಿಯೊಳಗ ಕ್ಯಾನ್ಸರ್ ಗಂಟು ಆದವರು ಇದನ್ನ ಮುಟ್ಟಬಾರದು, ಅದು ಮತ್ತ ಎದ್ದೀತು. ಮನ್ಯಾಗ ಯಾರಿಗಾರ ಆಗಿದ್ರೂ ನನಗ ಹೇಳಬೇಕ್ರಿ, ತಪಾಸ ಮಾಡಬೇಕಾಗತೈತಿ. ಯಾರಿಗೂ ಇಲ್ಲಂತ ಖಾತ್ರಿ ಏನು?’ ಅಲ್ಲಿ ಅತ್ತೆ ಇರಲಿಲ್ಲ. ನಿನ್ನ ಆಣೆ ಕೇಳುವವರು ಯಾರೂ ಇರಲಿಲ್ಲ. ಆದರೂ ‘ಇಲ್ರಿ’ ಎಂದೆ. ಮೊದಲನೆಯ ಸಲ ಸುಳ್ಳು ಹೇಳಿದ್ದು ಕೈನಾತಳಿಗಾಗಿ. ಈ ಸಲ ನನ್ನ ನಿದ್ದೆಗಾಗಿ. ಹೇಳಿದರೆ ನನ್ನ ಗುಳಿಗೆ ನಿಲ್ಲಿಸಿಬಿಡುತ್ತಾರೆ, ಆ ಉರಿ ಮತ್ತೆ ಬರುತ್ತದೆ ಎಂದು ಹೆದರಿದೆ. ನೀನು ಅದನ್ನು ನುಂಗುತ್ತಿದ್ದೀಯ ಎಂಬುದು ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ ಎಂದು ಬರೆಯಬಹುದಿತ್ತು. ಬಂದಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ದಾರಿಯುದ್ದಕ್ಕೂ ಹೊಲಗಳಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದರು. ಪುಸ್ತಕ ತೆರೆದಿಟ್ಟುಕೊಂಡಿದ್ದೆ, ಪುಟ ತಿರುವಲಿಲ್ಲ.

ಭಾಯಿಗೆ ನನ್ನ ಸಲಾಮು. ಕೈನಾತಳ ಹಣೆಗೆ ನನ್ನ ಮುತ್ತು. ಅಲ್ಲಾಹ ನಿನ್ನನ್ನು ನಮಗೆ ಬಹಳ ವರ್ಷ ಉಳಿಸಲಿ.

ನಿನ್ನ ತಂಗಿ,
ನಿಶಾತ

ತಾ.ಕ.: ಮೂಕಪ್ಪನ ಬಸ್ಸು ಹೊರಡುವ ಹೊತ್ತಾಯಿತು. ಬರೆದದ್ದನ್ನು ಓದಿ ನೋಡಿದೆ. ಇಷ್ಟು ಬರೆದೂ ಹೇಳಬೇಕಾದ ಮಾತು ಎಲ್ಲೂ ಇಲ್ಲ. ಆಪಾ, ಗುಳಿಗೆ ನಿಲ್ಲಿಸು. ಈ ಕಾಗದ ಕೈಗೆ ಬಂದ ಮೇಲೆ ಒಂದನ್ನೂ ನುಂಗಬೇಡ. ಸೋಮವಾರ ಮೊದಲ ಬಸ್ಸಿಗೆ ಮುಂಡರಗಿಗೆ ಬಂದು ನಿನ್ನನ್ನು ಗದಗಿಗೆ ಕರೆದುಕೊಂಡು ಹೋಗುತ್ತೇನೆ. ಮಿರಜಿನ ಸಂಗತಿಯನ್ನೂ ನಾನು ಕಳಿಸಿದ್ದನ್ನೂ ಬಾಯಾರಿಗೆ ಹೇಳುತ್ತೇನೆ. ನನ್ನದನ್ನು ನಿಲ್ಲಿಸಿದರೆ ನಿಲ್ಲಿಸಲಿ. ಅತ್ತೆ ಈಗಷ್ಟೇ ಎದ್ದರು; ಸೋಮವಾರ ನಿನ್ನನ್ನು ಗದಗಿಗೆ ಕರೆದೊಯ್ಯುತ್ತೇನೆ ಎಂದರೆ ತಾವೂ ಬರುವುದಾಗಿ ಹೇಳುತ್ತಿದ್ದಾರೆ. ಬಾಯಾರ ಕೋಣೆಯ ಹೊರಗೆ ಕೂರಿಸಲು ನೋಡುತ್ತೇನೆ. ಅವರು ಒಪ್ಪದಿದ್ದರೆ ಅವರ ಮುಂದೆಯೇ ಹೇಳುತ್ತೇನೆ.